ಡ್ರೈವರ್ ಊಟ

ಲೈಸೆನ್ಸ್ ರಿನ್ಯೂ ಮಾಡಿಸಲು ಡಾಕ್ಟರ ಸರ್ಟಿಫಿಕೇಟು ಬೇಕಿತ್ತು. ಕುಶಾಲನಗರದಲ್ಲಿ ಪರಿಚಯದ ಕ್ಲಿನಿಕ್ಕೊಂದಕ್ಕೆ ಹೋದೆ. ಕಣ್ಣಿಗೆ ಟಾರ್ಚು ಬಿಟ್ಟು, ಸೀಲು ಹೊಡೆದು ಕಳಿಸುತ್ತಾರೆ ಅಂದುಕೊಂಡಿದ್ದೆ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಹೊಡೆದರು. ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಹೊಡೆದರು. ಆಮೇಲೆ ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆದರು.

"ಬಿಪಿ ಸಿಕ್ಕಾಪಟ್ಟೆ ಇದೆ. ಸಕ್ಕರೆನೂ ಗಡಿ ಹತ್ತಿರ ಬಂದು ನಿಂತಿದೆ. ಊಟ ಎಲ್ಲಿ ಮಾಡ್ತೀರಿ?"

"ಹೋಟ್ಲಲ್ಲಿ ಸಾರ್."

"ದಿನಾನಾ?"

"ಸೀಜನ್ನಲ್ಲಿ ದಿನಾ. ಟೂರಿಸ್ಟ್ ಗಾಡಿ ಓಡಿಸ್ತೀನಲ್ಲ."

"ಹಾಗಾದ್ರೆ ಹೋಟೆಲ್ ಊಟ ಬಿಟ್ಬಿಡಿ."

ಬೀಡಿ ಬಿಟ್ಟುಬಿಡಿ ಅಂದಷ್ಟೇ ಸಲೀಸಾಗಿ ಅಂದರು. ಮೊದಲು ನಗು ಬಂತು, ಅದರ ಬೆನ್ನಿಗೇ ಸಿಟ್ಟು ಬಂತು. ನನ್ನ ಕೆಲಸವೇ ಜನರನ್ನು ಒಂದು ಹೋಟೆಲಿನಿಂದ ಇನ್ನೊಂದು ಹೋಟೆಲಿಗೆ ಕರೆದುಕೊಂಡು ಹೋಗುವುದು. ಬೆಳಗಿನ ತಿಂಡಿ ಒಂದು ಕಡೆ, ದುಬಾರೆಯ ಆನೆ ನೋಡಿದ ಮೇಲೆ ಊಟ ಇನ್ನೊಂದು ಕಡೆ, ಮಡಿಕೇರಿಯಲ್ಲಿ ಸೂರ್ಯ ಮುಳುಗಿದ ಮೇಲೆ ಮತ್ತೊಂದು ಕಡೆ. ಅಜ್ಜ ಹಾಸನದ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದರು, ಅಪ್ಪ ಅದೇ ನೆಲದಲ್ಲಿ ಶುಂಠಿ ಹಾಕಿದರು, ನಾನು ಸ್ಟೇರಿಂಗ್ ಹಿಡಿದೆ. ಅವರಿಬ್ಬರೂ ಮಧ್ಯಾಹ್ನಕ್ಕೆ ಮನೆಗೆ ಬಂದು ಉಂಡರು. ನನಗೆ ಆ ಭಾಗ್ಯ ಮಳೆಗಾಲದಲ್ಲಿ ಮಾತ್ರ.

ನನ್ನ ಮುಖ ನೋಡಿ ಡಾಕ್ಟರು ಸ್ವಲ್ಪ ಮೆತ್ತಗಾದರು. "ಬಿಡೋಕೆ ಆಗಲ್ಲ ಅಂದ್ರೆ ನೋಡ್ಕೊಂಡು ತಿನ್ನಿ. ಪರೋಟ ಬೇಡ, ಎಣ್ಣೆ ಹಾಕದ ಚಪಾತಿ ಕೇಳಿ. ಗ್ರೇವಿ ಮೇಲೆ ಎಣ್ಣೆ ತೇಲ್ತಾ ಇದ್ರೆ ಮುಟ್ಬೇಡಿ, ಬದಲಿಗೆ ತಿಳಿಸಾರು ಹಾಕಿಸ್ಕೊಳ್ಳಿ. ಅನ್ನಕ್ಕಿಂತ ಪಲ್ಯ ಜಾಸ್ತಿ ಇರ್ಲಿ. ಉಪ್ಪಿನಕಾಯಿ, ಹಪ್ಪಳ ಪಕ್ಕಕ್ಕಿಡಿ. ಮಜ್ಜಿಗೆಗೆ ಉಪ್ಪು ಹಾಕಬೇಡಿ ಅನ್ನಿ. ಕೇಳಿದ್ರೆ ಎಲ್ಲ ಹೋಟ್ಲಲ್ಲೂ ಕೊಡ್ತಾರೆ."

ಕೇಳಿದರೆ ಕೊಡುತ್ತಾರೆ. ಮಾತ್ರೆ ಚೀಟಿಯ ಜೊತೆಗೆ ಆ ಮಾತನ್ನೂ ಜೇಬಿಗೆ ಹಾಕಿಕೊಂಡು ಬಂದೆ.

ಡ್ರೈವರ್ ಊಟ ಅಂದರೇನು ಅಂತ ಗೊತ್ತಿಲ್ಲದವರಿಗೆ ಹೇಳಬೇಕು. ಪ್ರವಾಸಿಗರನ್ನು ಕರೆತರುವ ಡ್ರೈವರಿಗೆ ಹೋಟೆಲಿನವರು ಊಟ ಕೊಡುತ್ತಾರೆ, ಬಿಲ್ಲು ಇಲ್ಲ. ಮೇಲ್ನೋಟಕ್ಕೆ ಧಾರಾಳದ ಕೆಲಸ. ಆದರೆ ಆ ಊಟ ಗಿರಾಕಿಗಳು ಕೂರುವ ಮುಂದಿನ ಹಾಲಿನಲ್ಲಿ ಸಿಗುವುದಿಲ್ಲ. ನಾನು ಹೆಚ್ಚಾಗಿ ಗಾಡಿ ನಿಲ್ಲಿಸುತ್ತಿದ್ದದ್ದು ಕುಶಾಲನಗರ ದಾಟಿ ಸುಂಟಿಕೊಪ್ಪದ ದಾರಿಯಲ್ಲಿರುವ ದೊಡ್ಡ ಹೋಟೆಲೊಂದರಲ್ಲಿ. ಮುಂದೆ ಗಾಜಿನ ಗೋಡೆ, ನೀರು ಜಿನುಗುವ ಕೃತಕ ಬಂಡೆ, ಮಕ್ಕಳಿಗೆ ಉಯ್ಯಾಲೆ. ಹಿಂದೆ, ಅಡುಗೆಮನೆಯ ಬೆನ್ನಿಗೆ, ಗ್ಯಾಸ್ ಸಿಲಿಂಡರುಗಳ ಜಾಲರಿಗೂ ಜನರೇಟರಿಗೂ ನಡುವೆ ಶೀಟು ಹೊದಿಸಿದ ಒಂದು ಕೋಣೆ. ಅದು ಡ್ರೈವರ್ ರೂಮು. ಅಲ್ಲಿ ಒಂದು ಪಾತ್ರೆ ಅನ್ನ, ಒಂದು ಪಾತ್ರೆ ಕೆಂಪು ಗ್ರೇವಿ, ಬುಟ್ಟಿಯಲ್ಲಿ ಪರೋಟ. ಅನ್ನ ನಿನ್ನೆಯದು ಅಂತ ಬಾಯಿಗಿಡುವ ಮೊದಲೇ ಗೊತ್ತಾಗುತ್ತಿತ್ತು. ಅದಕ್ಕೆ ಎಣ್ಣೆ, ಖಾರದಪುಡಿ, ಕೈತುಂಬ ಉಪ್ಪು ಹಾಕಿ ಮತ್ತೆ ಹುರಿದಿರುತ್ತಿದ್ದರು. ಹಾಲಿನ ಟೇಬಲ್ಲುಗಳಿಂದ ಬಂದು ಬೋಗುಣಿಯಲ್ಲೇ ಉಳಿದ ಪನೀರು, ಮಶ್ರೂಮು, ಕೋಳಿ ಎಲ್ಲ ಒಟ್ಟಿಗೆ ಸೇರಿ ಆ ಗ್ರೇವಿಯಾಗುತ್ತದೆ ಅಂತ ನಮ್ಮಲ್ಲಿ ಕೆಲವರು ಹೇಳುತ್ತಿದ್ದರು. ನಾನು ಕಣ್ಣಾರೆ ಕಂಡಿಲ್ಲ, ಆದ್ದರಿಂದ ಅದನ್ನು ನಿಜ ಅನ್ನುವುದಿಲ್ಲ. ಅನ್ನದ ವಿಷಯ ಕಂಡಿದ್ದೇನೆ.

ಕ್ಲಿನಿಕ್ಕಿಗೆ ಹೋಗಿಬಂದ ಮಾರನೆಯ ದಿನವೇ ಅಲ್ಲಿ ಗಾಡಿ ನಿಲ್ಲಿಸಿದೆ. ಬಡಿಸುವವನು ತಟ್ಟೆಗೆ ಪರೋಟ ಹಾಕಲು ಬಂದಾಗ ಕೈ ಅಡ್ಡ ಹಿಡಿದೆ.

"ಎಣ್ಣೆ ಹಾಕ್ದೆ ಎರಡು ಚಪಾತಿ ಸಿಗುತ್ತಾ? ಪಲ್ಯ ಏನಾದ್ರೂ ಇದ್ರೆ ಒಂಚೂರು?"

ಅವನು ನನ್ನನ್ನು ನೋಡಿ, ಪಕ್ಕದವರನ್ನು ನೋಡಿ ನಕ್ಕ. "ಡ್ರೈವರ್ ಊಟಕ್ಕೆ ಆರ್ಡರ್ ಇಲ್ಲ ಅಣ್ಣ. ಇದ್ದಿದ್ದು ತಿನ್ನೋದು."

"ದುಡ್ಡು ಕೊಡ್ತೀನಿ."

"ಇಲ್ಲಿಗೆ ಬಿಲ್ ಬರಲ್ಲ. ಮುಂದೆ ಹಾಲಲ್ಲಿ ಕೂತು ಆರ್ಡರ್ ಮಾಡ್ಬೇಕು. ಹಾಲಲ್ಲಿ ಡ್ರೈವರ್‌ಗಳು ಕೂರಂಗಿಲ್ಲ."

ನನ್ನ ಎದುರು ಕೂತಿದ್ದ ಹಿರಿಯ ಡ್ರೈವರು ಗಟ್ಟಿಯಾಗಿ ನಕ್ಕರು. ಮಾಂದಲಪಟ್ಟಿ ಬೆಟ್ಟಕ್ಕೆ ಜೀಪು ಓಡಿಸುವವರು, ಅರೆಭಾಷೆ ಮನೆಮಾತಿನವರು. ನಾನು ಹೊಸದಾಗಿ ಗಾಡಿ ಹಿಡಿದಾಗ ಮಂಜಿನಲ್ಲಿ ಘಾಟಿ ಇಳಿಯುವುದನ್ನು, ಕಲ್ಲು ದಾರಿಯಲ್ಲಿ ಕ್ಲಚ್ಚು ಸುಡದೆ ಹತ್ತುವುದನ್ನು ಪಕ್ಕದಲ್ಲಿ ಕೂತು ಕಲಿಸಿದವರು. ಅವರನ್ನು ನಾನು ಅಣ್ಣ ಅನ್ನುತ್ತೇನೆ.

"ಎಂತ ಮಾರಾಯ, ಸೊಪ್ಪು ತಿಂದು ಸ್ಟೇರಿಂಗ್ ತಿರ್ಗುದಾ?" ಅಂದರು. ನನ್ನ ತಟ್ಟೆಗೆ ಬೀಳಬೇಕಾಗಿದ್ದ ಪರೋಟವನ್ನೂ ತಮ್ಮ ತಟ್ಟೆಗೆ ಹಾಕಿಸಿಕೊಂಡರು. "ಡಾಕ್ಟ್ರು ನಂಗೂ ಹೇಳಿಯುಟ್ಟು. ಮಾತ್ರೆ ಉಟ್ಟು, ತಿನ್ನಿರೆ ಆತ್."

ಅವರ ಮಾತಿನಲ್ಲಿ ಉಟ್ಟು ಅಂದರೆ ಉಂಟು. ಅವರ ನಗುವಿಗೆ ನಾನೂ ನಕ್ಕೆ. ಹಪ್ಪಳ ಮುರಿದು ತಿಂದು ನೀರು ಕುಡಿದು ಎದ್ದೆ. ಮಧ್ಯಾಹ್ನವಿಡೀ ಹೊಟ್ಟೆ ಉರಿಯುತ್ತಿತ್ತು. ಹಪ್ಪಳವೂ ಬೇಡ ಅಂದಿದ್ದರು ಡಾಕ್ಟರು ಅಂತ ನೆನಪಾದದ್ದು ಮಡಿಕೇರಿ ತಲುಪಿದ ಮೇಲೆ.

ಕೆಲವು ವಾರಗಳ ನಂತರ ಮೈಸೂರಿನ ಒಂದು ಕುಟುಂಬವನ್ನು ಕರೆದುಕೊಂಡು ಬಂದೆ. ಮಗಳು, ಅಳಿಯ, ಇಬ್ಬರು ಮಕ್ಕಳು ಹಿಂದೆ. ಮಂಡಿ ನೋವಿನ ಕಾರಣಕ್ಕೆ ಅಜ್ಜಿ ಮುಂದಿನ ಸೀಟಿನಲ್ಲಿ. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಒಳ್ಳೆಯ ಮಾತುಗಾರ್ತಿ. ಅದೇ ಹೋಟೆಲಿಗೆ ಹೋದೆವು. ಅವರು ಕನ್ನಡಕದ ಪೆಟ್ಟಿಗೆ ಸೀಟಿನ ಮೇಲೆಯೇ ಮರೆತು ಹೋಗಿದ್ದರು. ಕೊಡೋಣ ಅಂತ ಹಾಲಿನ ಒಳಗೆ ಹೋದೆ. ಮಾಲೀಕರೇ ಖುದ್ದಾಗಿ ಅವರ ಟೇಬಲ್ಲಿನ ಬಳಿ ನಿಂತಿದ್ದರು.

"ಸಕ್ಕರೆ ಕಾಯಿಲೆ ನನಗೆ," ಅಜ್ಜಿ ಹೇಳುತ್ತಿದ್ದರು. "ಒಣ ಚಪಾತಿ, ಮೇಲೆ ಬೆಣ್ಣೆ ಸವರಬೇಡಿ. ದಾಲ್‌ಗೆ ಒಗ್ಗರಣೆ ಬೇಡ, ಉಪ್ಪು ಅರ್ಧ ಹಾಕಿ. ಬೀನ್ಸೋ ಸೊಪ್ಪೋ ಏನಿದೆಯೋ ಅದನ್ನ ಬೇಯಿಸಿ ಕೊಡಿ, ಹುರಿಯಬೇಡಿ. ಅನ್ನ ಒಂದು ಹಿಡಿ ಸಾಕು. ಸೌತೆಕಾಯಿ ಹೆಚ್ಚಿ ಮೊದಲೇ ತಂದಿಡಿ, ಅದನ್ನ ತಿಂದ್ರೆ ಹಸಿವು ಅರ್ಧ ಇಳಿಯುತ್ತೆ."

"ಆಗ್ಲಿ ಮೇಡಂ. ಎಲ್ಲ ಹೊಸ್ದಾಗಿ ಮಾಡಿಸ್ತೀನಿ. ಹತ್ತು ನಿಮಿಷ ಕೊಡಿ."

ಕನ್ನಡಕದ ಪೆಟ್ಟಿಗೆ ಕೈಯಲ್ಲಿ ಹಿಡಿದು ನಾನು ನಿಂತೇ ಇದ್ದೆ. ಡಾಕ್ಟರು ನನಗೆ ಹೇಳಿದ ಊಟ ಅದೇ. ಒಂದು ಅಕ್ಷರ ಆಚೆ ಈಚೆ ಇಲ್ಲ. ಆ ಅಡುಗೆಮನೆಯಲ್ಲಿ ಅದು ಆಗುತ್ತದೆ. ಹತ್ತು ನಿಮಿಷದಲ್ಲಿ ಆಗುತ್ತದೆ. ಅಡುಗೆಮನೆಗೆ ಎರಡು ಬಾಗಿಲು, ಮುಂದಿನ ಬಾಗಿಲಿಂದ ಅದು ಹೋಗುತ್ತದೆ, ಹಿಂದಿನ ಬಾಗಿಲಿಂದ ನಮ್ಮ ಕೆಂಪು ಗ್ರೇವಿ ಬರುತ್ತದೆ. ಮಾಲೀಕರು ನನ್ನನ್ನು ನೋಡಿ ಕಣ್ಣಲ್ಲೇ ಏನು ಅಂತ ಕೇಳಿದರು. ಪೆಟ್ಟಿಗೆ ಕೊಟ್ಟು ಹಿಂದಕ್ಕೆ ಹೋದೆ.

ಊಟ ಮುಗಿಸಿ ಹೊರಟಾಗ ಅಜ್ಜಿ ಖುಷಿಯಲ್ಲಿದ್ದರು. ಹೋಟೆಲಿಗೆ ಹೋದರೂ ಆರೋಗ್ಯ ಕೆಡಿಸಿಕೊಳ್ಳದೆ ಉಣ್ಣುವುದು ಹೇಗೆ ಅಂತ ದಾರಿಯುದ್ದಕ್ಕೂ ಮೊಮ್ಮಕ್ಕಳಿಗೆ ವಿವರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನೀವೇನು ತಿಂದ್ರಿ?" ಅಂದರು.

"ಏನೋ ತಿಂದೆ ಮೇಡಂ."

"ಏನೋ ಅಂದ್ರೆ?"

ಹೇಳಿದೆ. ಬಿಪಿ ವಿಷಯವೂ ಬಾಯಿಂದ ಬಂತು.

"ಅಯ್ಯೋ, ಈ ವಯಸ್ಸಿಗೇ? ನೀವು ಕೇಳ್ಬೇಕು. ಸಂಕೋಚ ಪಟ್ಕೊಂಡ್ರೆ ಯಾರು ಕೊಡ್ತಾರೆ? ಏನು ತಿನ್ನಬೇಕು ಅನ್ನೋ ಆಯ್ಕೆ ನಮ್ಮ ಕೈಯಲ್ಲೇ ಇರೋದು."

ಆಯ್ಕೆ. ಆ ಪದ ನನ್ನ ನೆತ್ತಿಗೇರಿತು. ಗಾಡಿಯನ್ನು ರಸ್ತೆ ಪಕ್ಕದ ಸಿಲ್ವರ್ ಓಕ್ ಮರಗಳ ನೆರಳಿಗೆ ತಂದು ನಿಲ್ಲಿಸಿದೆ. ಸಿಟ್ಟು ಬಂದಾಗ ಓಡಿಸಬಾರದು, ಅದೂ ಅಣ್ಣ ಕಲಿಸಿದ್ದೇ.

"ಮೇಡಂ, ಕೇಳಿದ್ದೀನಿ. ದುಡ್ಡು ಕೊಡ್ತೀನಿ ಅಂತನೂ ಹೇಳಿದ್ದೀನಿ. ನೀವು ಕೂತ ಕಡೆ ನಾವು ಕೂರಂಗಿಲ್ಲ. ನಾವು ಕೂರೋ ಕಡೆ ಆರ್ಡರ್ ಇಲ್ಲ. ಇದರಲ್ಲಿ ಯಾವ್ದು ನನ್ನ ಕೈಲಿದೆ ಹೇಳಿ. ನಿಮ್ಮ ಕಾಯಿಲೆಗೆ ಮಾಲೀಕ್ರು ಬಂದು ನಿಂತ್ಕೋತಾರೆ. ನನ್ನ ಕಾಯಿಲೆಗೆ ಬಡಿಸೋನು ನಗ್ತಾನೆ."

ಹಿಂದಿನ ಸೀಟಿನಲ್ಲಿ ಅಳಿಯ ಗಂಟಲು ಸರಿಮಾಡಿಕೊಂಡರು. ಅಜ್ಜಿಗೂ ಸಿಟ್ಟು ಬಂದಿತ್ತು, ನನ್ನ ಮೇಲೋ ಇನ್ಯಾರ ಮೇಲೋ ಗೊತ್ತಾಗಲಿಲ್ಲ.

"ನನ್ನ ಮೇಲೆ ಯಾಕೆ ಕೂಗಾಡ್ತೀರಿ? ನಾನೇನು ಮಾಡಿದೆ?"

"ನೀವೇನೂ ಮಾಡಿಲ್ಲ ಮೇಡಂ. ಆಯ್ಕೆ ಅನ್ಬೇಡಿ, ಅಷ್ಟೇ."

ಮೂರನೆಯ ದಿನ ವಾಪಸ್ಸು ಹೋಗುವಾಗ ಅವರೇ ಹೇಳಿದರು, ಅದೇ ಹೋಟೆಲಿಗೆ ನಡೀರಿ ಅಂತ. ನಿಲ್ಲಿಸಿದೆ. "ನೀವೂ ಬನ್ನಿ," ಅಂದರು. ಬೇಡ ಅಂದೆ. ಬನ್ನಿ ಅಂದೆನಲ್ಲ ಅಂತ ನನ್ನ ತೋಳು ಹಿಡಿದುಕೊಂಡೇ ಮೆಟ್ಟಿಲು ಹತ್ತಿದರು. ಮಂಡಿ ನೋವಿನವರ ಕೈ ಕೊಡವಿ ಹೋಗುವುದು ಹೇಗೆ? ಅವರ ಪಕ್ಕದಲ್ಲಿ ಕೂತೆ. ನೀರಿನ ಲೋಟ ಇಡಲು ಬಂದವನು ನನ್ನ ಮುಂದೆ ಇಡದೆ ಹೋದ. ಮಾಲೀಕರು ಬಂದರು.

"ಡ್ರೈವರ್‌ಗಳಿಗೆ ಹಿಂದೆ ವ್ಯವಸ್ಥೆ ಮಾಡಿದೀವಿ ಮೇಡಂ."

"ಇವರು ನಮ್ಮ ಜೊತೆ ಉಣ್ತಾರೆ. ಬಿಲ್ ನಾನು ಕೊಡ್ತೀನಿ."

"ಬಿಲ್ಲಿನ ಪ್ರಶ್ನೆ ಅಲ್ಲ ಮೇಡಂ. ಒಬ್ಬರಿಗೆ ಬಿಟ್ರೆ ಎಲ್ಲರೂ ಬರ್ತಾರೆ. ಬೇರೆ ಗೆಸ್ಟ್‌ಗಳು ಬೇಜಾರು ಮಾಡ್ಕೋತಾರೆ."

"ನಾನೂ ಗೆಸ್ಟೇ. ನನಗೆ ಬೇಜಾರಾಗ್ತಿದೆ."

ಅಜ್ಜಿಯ ಧ್ವನಿ ಏರಿತು. ಪಕ್ಕದ ಟೇಬಲ್ಲಿನವರು ತಿರುಗಿದರು. ನನ್ನ ಒಂದು ಹೊತ್ತಿನ ಊಟದ ಮೇಲೆ ಇಬ್ಬರು ಜಗಳವಾಡುತ್ತಿದ್ದರು, ನನ್ನನ್ನು ಮಾತ್ರ ಯಾರೂ ಏನೂ ಕೇಳುತ್ತಿರಲಿಲ್ಲ. ಅವಮಾನ ಮಾಲೀಕರಿಂದಷ್ಟೇ ಆದದ್ದಲ್ಲ, ಆ ಪಾಪದ ಅಜ್ಜಿಯಿಂದಲೂ ಆಯಿತು. ನಾನು ಎದ್ದು ಹೊರಗೆ ಬಂದು ಗಾಡಿಯಲ್ಲಿ ಕೂತೆ. ಅವರು ಒಂದು ಪೊಟ್ಟಣದಲ್ಲಿ ಚಪಾತಿ ಕಟ್ಟಿಸಿಕೊಂಡು ಬಂದು ಕೊಟ್ಟರು. ಒಣ ಚಪಾತಿ, ಬೇಯಿಸಿದ ಬೀನ್ಸು. ಹಸಿದಿದ್ದೆ. ಆದರೂ ಅವರನ್ನು ಮೈಸೂರಿಗೆ ಬಿಡುವವರೆಗೂ ಪೊಟ್ಟಣ ಬಿಚ್ಚಲಿಲ್ಲ. ಬಿಟ್ಟ ಮೇಲೆ ರಿಂಗ್ ರೋಡಿನ ಬದಿ ನಿಲ್ಲಿಸಿ ತಿಂದೆ. ರುಚಿಯಾಗಿತ್ತು. ಅದಕ್ಕೂ ಸಿಟ್ಟು ಬಂತು.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಮಕ್ಕಳಿಗೆ ಮೊಟ್ಟೆ, ಸೊಪ್ಪು ಅಂತ ದಿನವಿಡೀ ಹೇಳುವವಳು.

"ಆ ಹೋಟ್ಲಿಗೆ ಯಾಕೆ ಹೋಗ್ಬೇಕು ನೀವು? ರಾಗಿ ರೊಟ್ಟಿ ತಟ್ಟಿ ಕೊಡ್ತೀನಿ. ಡಬ್ಬಿ ತಗೊಂಡು ಹೋಗಿ."

"ನೀನು ಬೆಳಗ್ಗೆ ಎಷ್ಟು ಅಂತ ಮಾಡ್ತೀಯ?"

"ಮಾಡ್ತೀನಿ ಅಂದ್ನಲ್ಲ. ಆ ಹೋಟ್ಲಲ್ಲಿ ಕೇಳಿ ಅಷ್ಟಕ್ಕೇ ಬಿಟ್ಟು ಬಂದ್ರಾ?"

ಅವಳ ಸಿಟ್ಟು ನನ್ನದಕ್ಕಿಂತ ಚಿಕ್ಕದಿರಲಿಲ್ಲ. ಡಬ್ಬಿ ಶುರುವಾಯಿತು. ರಾಗಿ ರೊಟ್ಟಿ, ಸೊಪ್ಪಿನ ಪಲ್ಯ, ಒಂದು ಬಾಟಲಿ ನೀರು ಮಜ್ಜಿಗೆ. ಡ್ರೈವರ್ ರೂಮಿನಲ್ಲೇ ಕೂತು ತಿನ್ನುತ್ತಿದ್ದೆ. ಬಡಿಸುವವನು ಏನೂ ಅನ್ನಲಿಲ್ಲ. ಅಣ್ಣ ನನ್ನ ಡಬ್ಬಿಗೆ ಕೈ ಹಾಕಿ ಒಂದು ತುಂಡು ರೊಟ್ಟಿ ಮುರಿದು ಗ್ರೇವಿಯಲ್ಲಿ ಅದ್ದಿ ತಿನ್ನುತ್ತಿದ್ದರು. "ಈಗ ರುಚಿ ಆತ್," ಅನ್ನುತ್ತಿದ್ದರು.

ಆಮೇಲೆ ಉದ್ದನೆಯ ರಜೆ ಬಂತು. ಕೊಡಗಿನ ರಸ್ತೆಗಳಲ್ಲಿ ಕಾರು ಬಿಟ್ಟರೆ ಬೇರೇನೂ ಕಾಣದ ವಾರ. ಅಂದು ಮಧ್ಯಾಹ್ನ ಡ್ರೈವರ್ ರೂಮಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಜನರೇಟರು ಓಡುತ್ತಿತ್ತು, ಶೀಟು ಕಾದು ಉರಿಯುತ್ತಿತ್ತು. ಅಣ್ಣ ಬೆಳಗ್ಗಿನಿಂದ ಮಾಂದಲಪಟ್ಟಿ ಹತ್ತಿ ಇಳಿದು, ಒಂದು ತಂಡವನ್ನು ಊಟಕ್ಕೆ ಇಲ್ಲಿ ಬಿಟ್ಟಿದ್ದರು. ನನ್ನ ಎದುರಿಗೆ ಕೂತು ಉಣ್ಣುತ್ತಿದ್ದ ಅವರು ನೀರಿನ ಲೋಟ ಎತ್ತಲು ಹೋದರು. ಲೋಟ ಕೈಯಿಂದ ಜಾರಿ ತಟ್ಟೆಯ ಮೇಲೆ ಬಿತ್ತು. ಮತ್ತೆ ಎತ್ತಲು ಹೋದರು. ಬೆರಳು ಮಡಚಲಿಲ್ಲ. ನನ್ನನ್ನು ನೋಡಿ ಏನೋ ಹೇಳಿದರು, ಮಾತು ಮುದ್ದೆಯಾಗಿ ಬಂತು. ಬಾಯಿಯ ಒಂದು ಮೂಲೆ ಕೆಳಗೆ ಜಾರಿತ್ತು.

ಲಕ್ವ ಅಂತ ನನಗೆ ಗೊತ್ತಾಯಿತು. ಕ್ಲಿನಿಕ್ಕಿನ ಗೋಡೆಯ ಮೇಲಿನ ಚಿತ್ರದಲ್ಲಿ ಅಂಥದೇ ಮುಖ ಇತ್ತು. ಅವರ ತೋಳಿನಡಿ ಕೈ ಕೊಟ್ಟು ಎಬ್ಬಿಸಿದೆ. ಇನ್ನೊಬ್ಬ ಡ್ರೈವರು ಕಾಲು ಹಿಡಿದ. ನಾವು ಒಳಗೆ ಬಂದಿದ್ದ ಹಿಂದಿನ ಗೇಟಿಗೆ ಹೋದರೆ ಅಷ್ಟರಲ್ಲಿ ಯಾರೋ ಬೀಗ ಹಾಕಿದ್ದರು. ನಮ್ಮ ಗಾಡಿಗಳೆಲ್ಲ ಇದ್ದದ್ದು ಮುಂದಿನ ಅಂಗಳದಲ್ಲಿ. ಹಾಲಿನ ಕಡೆ ತಿರುಗಿದೆವು. ಅಡುಗೆಮನೆಯ ಬಾಗಿಲಲ್ಲಿ ಮಾಲೀಕರು ಎದುರಾದರು.

"ಈ ಕಡೆ ಬೇಡ, ಈ ಕಡೆ ಬೇಡ! ಫ್ಯಾಮಿಲಿಗಳು ಊಟ ಮಾಡ್ತಾವ್ರೆ. ಹಿಂದಿನ ಗೇಟಿನ ಬೀಗದ ಕೈ ತರಿಸ್ತೀನಿ, ಒಂದ್ನಿಮಿಷ ತಡೀರಿ."

"ತಡೆಯಲ್ಲ. ಸರೀರಿ ಆ ಕಡೆ."

"ನೋಡಪ್ಪ, ಹೇಳೋದು ಕೇಳು—"

ಅವರ ಭುಜಕ್ಕೆ ನನ್ನ ಭುಜ ಕೊಟ್ಟು ತಳ್ಳಿದೆ. ಬಾಗಿಲಿನ ಕಂಬಕ್ಕೆ ಹೋಗಿ ತಾಗಿದರು. ತಳ್ಳಿದ್ದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ. ಅಣ್ಣನನ್ನು ಎತ್ತಿಕೊಂಡು ಟೇಬಲ್ಲುಗಳ ನಡುವೆ ನಡೆದೆವು. ಚಮಚಗಳು ನಿಂತವು. ಅಣ್ಣನ ಅಂಗಿಯ ಮೇಲೆ ಕೆಂಪು ಗ್ರೇವಿ ಚೆಲ್ಲಿತ್ತು, ಯಾರೋ ಅದನ್ನು ರಕ್ತ ಅಂದುಕೊಂಡು ಚೀರಿದರು. ಅಷ್ಟು ಜನರಲ್ಲಿ ಒಬ್ಬ ಗಂಡಸು ಎದ್ದು ಓಡಿ ಬಂದು ಗಾಜಿನ ಬಾಗಿಲು ಹಿಡಿದು ನಿಂತ. ಉಳಿದವರು ಮಕ್ಕಳ ಕಣ್ಣು ಮುಚ್ಚಿದರು.

ಮಡಿಕೇರಿಗೆ ಹಾರ್ನು ಒತ್ತಿಕೊಂಡೇ ಓಡಿಸಿದೆ. ದಾರಿ ಬಿಟ್ಟವರೂ ಇದ್ದರು, ಬೈದವರೂ ಇದ್ದರು. ಅಣ್ಣ ಹಿಂದಿನ ಸೀಟಿನಲ್ಲಿ ಮುಲುಗುತ್ತಿದ್ದರು. ಆಸ್ಪತ್ರೆಯಲ್ಲಿ ಬೇಗ ತಂದಿರಿ ಅಂದರು. ಜೀವ ಉಳಿಯಿತು. ಬಲಗೈ, ಬಲಗಾಲು ಪೂರ್ತಿ ಬರಲಿಲ್ಲ. ನನ್ನ ಪ್ರಯಾಣಿಕರು ಇನ್ನೂ ಹೋಟೆಲಿನಲ್ಲೇ ಇದ್ದರು. ಹೇಳದೆ ಕೇಳದೆ ಬಿಟ್ಟುಹೋದ ಡ್ರೈವರು ಅಂತ ಸಂಜೆ ಫೋನು ಮಾಡಿ ಚೆನ್ನಾಗಿ ಉಗಿದರು. ಉಗಿಸಿಕೊಂಡೆ. ಹೇಳಿದ್ದರೆ ಅರ್ಥವಾಗುತ್ತಿತ್ತೋ ಏನೋ, ಹೇಳುವಷ್ಟು ಉಸಿರು ನನ್ನಲ್ಲಿರಲಿಲ್ಲ.

ಮಾಲೀಕರನ್ನು ನೋಡಲು ಹೋದದ್ದು ಅಣ್ಣ ಮನೆಗೆ ಬಂದ ಮೇಲೆ. ಅಷ್ಟು ದಿನ ಸಿಟ್ಟು ಇಳಿಯಲಿ ಅಂತ ಕಾದೆ, ಇಳಿಯಲಿಲ್ಲ. ಅವರು ಕ್ಯಾಶ್ ಕೌಂಟರಿನಲ್ಲಿ ಕೂತಿದ್ದರು. ಉತ್ತರ ಕೊಡಗಿನ ವ್ಯಾಪಾರಸ್ಥರ ಮನೆತನ, ನಮ್ಮ ಅಪ್ಪನ ಶುಂಠಿಯನ್ನು ಅವರ ಅಪ್ಪ ಕೊಳ್ಳುತ್ತಿದ್ದರು. ಪರಿಚಯವಿಲ್ಲದವರಲ್ಲ.

"ಹೆಂಗಿದ್ದಾರೆ ಅವರು?" ಅಂತ ಮೊದಲು ಅವರೇ ಕೇಳಿದರು. ಕೇಳಿದ್ದರಲ್ಲಿ ಕಪಟವಿರಲಿಲ್ಲ. ಅದು ನನ್ನ ಮಾತನ್ನು ಇನ್ನಷ್ಟು ಕಷ್ಟ ಮಾಡಿತು.

"ಇನ್ನು ಜೀಪು ಓಡ್ಸೋಕಾಗಲ್ಲ. ನಾನು ಬಂದಿದ್ದು ಊಟದ ವಿಷ್ಯ ಮಾತಾಡೋಕೆ."

"ನಮ್ಮ ಊಟದಿಂದ ಹಂಗಾಯ್ತು ಅಂತ ಯಾವ ಡಾಕ್ಟ್ರು ಹೇಳಿದ್ರು?"

ಯಾವ ಡಾಕ್ಟರೂ ಹೇಳಿರಲಿಲ್ಲ. ಅಣ್ಣ ಬೀಡಿ ಸೇದುತ್ತಿದ್ದರು. ಮಾತ್ರೆಯನ್ನು ನೆನಪಾದಾಗ ನುಂಗುತ್ತಿದ್ದರು. ಇದೆಲ್ಲ ನನಗೆ ಗೊತ್ತಿತ್ತು.

"ಯಾರೂ ಹೇಳಿಲ್ಲ. ನಾನು ಕೇಳ್ತಿರೋದು ಇಷ್ಟೇ. ನಿನ್ನೆ ಅನ್ನ ಇವತ್ತು ಹುರಿದು ಹಾಕ್ಬೇಡಿ. ಹಾಲಿಗೆ ಮಾಡೋ ಅನ್ನ, ಸಾರು, ಒಂದು ಪಲ್ಯ. ಮಜ್ಜಿಗೆಗೆ ಉಪ್ಪು ಬೇರೆ ಇಡಿ. ಪರೋಟ ಬೇಕಾದೋರು ತಿನ್ಲಿ."

"ಬಿಟ್ಟಿ ಊಟ ಕೊಡ್ತಿದೀನಿ. ಅದರ ಮೇಲೆ ಮೆನು ಬೇರೆ ಬೇಕಾ ನಿಮಗೆ?"

"ಬಿಟ್ಟಿನಾ? ನಿಮ್ಮ ಟೇಬಲ್ ತುಂಬ್ಸೋರು ಯಾರು? ಇಲ್ಲಿ ಗಾಡಿ ನಿಲ್ಸೋ ಮುಂಚೆ ದಾರೀಲಿ ಎಷ್ಟು ಹೋಟ್ಲು ದಾಟಿ ಬರ್ತೀವಿ ನಾವು?"

"ಹಂಗಾದ್ರೆ ಅಲ್ಲೇ ನಿಲ್ಸಿ," ಅಂದರು ಅವರು, ಕೆಳಗೆ ನೋಡಿಕೊಂಡು. "ಅವತ್ತು ಹಾಲಿಂದ ಎತ್ಕೊಂಡು ಹೋದ್ರಲ್ಲ, ಅದನ್ನ ಯಾರೋ ವೀಡಿಯೊ ಮಾಡಿ ಹಾಕಿದ್ದಾರೆ. ನನ್ನ ಹೋಟ್ಲು ಹೆಸರು ಏನಾಗಿದೆ ಗೊತ್ತಾ?"

ಅವರಿಗೆ ನೋವಾಗಿದ್ದದ್ದು ಅದು.

ನಾನಾಗಿ ಅಲ್ಲಿ ನಿಲ್ಲಿಸುವುದನ್ನು ಬಿಟ್ಟೆ. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಉಳಿದವರಿಗೂ ಹೇಳಿದೆ. ಎಲ್ಲರೂ ಒಪ್ಪಿಬಿಟ್ಟರು ಅಂತ ಬರೆದರೆ ಸುಳ್ಳಾಗುತ್ತದೆ. "ಹೊಟ್ಟೆ ತುಂಬುತ್ತಲ್ಲ, ನಿಂಗ್ಯಾಕೆ?" ಅಂದವರೇ ಹೆಚ್ಚು. ಒಬ್ಬ, ನೀನು ಮಾಲೀಕರನ್ನು ತಳ್ಳಿದ್ದಕ್ಕೆ ನಾವು ಉಪವಾಸ ಬೀಳಬೇಕಾ ಅಂತ ಮುಖದ ಮೇಲೆ ಕೇಳಿದ. ಆದರೆ ಆ ದಿನ ಅಣ್ಣನ ಕಾಲು ಹಿಡಿದವನು ನನ್ನ ಜೊತೆ ನಿಂತ. ಅಣ್ಣನ ಕಡೆಯ ಜೀಪಿನವರು ನಿಂತರು. ಪ್ರಯಾಣಿಕರು ಆ ಗಾಜಿನ ಹೋಟೆಲು ತೋರಿಸಿ ಇಲ್ಲಿ ನಿಲ್ಲಿಸಿ ಅಂದರೆ, "ನಿಲ್ಲಿಸ್ತೀನಿ, ನಾನು ಇಲ್ಲಿ ಊಟ ಮಾಡಲ್ಲ," ಅನ್ನುತ್ತಿದ್ದೆ. ಯಾಕೆ ಅಂತ ಕೇಳಿದರೆ ಯಾಕೆ ಅಂತ ಹೇಳುತ್ತಿದ್ದೆ. ಕೆಲವರು ಮುಂದೆ ನಡೀರಿ ಅನ್ನುತ್ತಿದ್ದರು. ಕೆಲವರು ಫೋನಿನಲ್ಲಿ ರೇಟಿಂಗಿನ ನಕ್ಷತ್ರ ಎಣಿಸಿ ಒಳಗೆ ಹೋಗುತ್ತಿದ್ದರು. ಆಗ ನಾನು ಗಾಡಿಯ ಬಾಗಿಲು ತೆಗೆದು ಕೂತು ಡಬ್ಬಿ ಬಿಚ್ಚುತ್ತಿದ್ದೆ. ಒಂದು ದಿನ ವಾಚ್‌ಮನ್ ಬಂದು, ಹೊರಗಿನ ಊಟ ಪಾರ್ಕಿಂಗಿನಲ್ಲಿ ತಿನ್ನಬಾರದಂತೆ ಅಂದ.

"ಯಾರು ಹೇಳಿದ್ದು?"

"ಒಳಗಿಂದ ಹೇಳಿ ಕಳಿಸಿದ್ದಾರೆ."

"ಒಳಗಿಂದ ಅವರೇ ಬಂದು ಹೇಳ್ಲಿ."

ಯಾರೂ ಬರಲಿಲ್ಲ. ವಾಚ್‌ಮನ್ ಅಲ್ಲೇ ನಿಂತಿದ್ದ, ನಾನು ರೊಟ್ಟಿ ಮುಗಿಸುವವರೆಗೆ.

ಮಳೆಗಾಲ ಕಳೆದು ಮತ್ತೆ ಗಾಡಿಗಳು ಏರತೊಡಗಿದಾಗ ಆ ಹೋಟೆಲಿನ ಅಡುಗೆಯವರು ನನಗೆ ಪೆಟ್ರೋಲ್ ಬಂಕಿನಲ್ಲಿ ಸಿಕ್ಕರು. ಕೇರಳದ ಕಡೆಯವರು, ವಯಸ್ಸಾದವರು, ಕನ್ನಡ ಅವರ ಬಾಯಲ್ಲಿ ಬೇರೆಯೇ ರಾಗದಲ್ಲಿ ಬರುತ್ತದೆ, ಮಾಲೀಕರನ್ನು ಮುದಲಾಳಿ ಅನ್ನುತ್ತಾರೆ.

"ಈಗ ಡ್ರೈವರಿಗೂ ಹಾಲಿಂದೇ ಅನ್ನ. ಸಾರು, ಕ್ಯಾಬೇಜ್ ಪಲ್ಯ. ಮುದಲಾಳಿ ಹೇಳಿ ಆಯ್ತು. ನೀವು ಬನ್ನಿ."

"ಯಾಕಂತೆ ಈಗ?"

"ಗಾಡಿ ಕಮ್ಮಿ ಆಯ್ತಲ್ಲ," ಅಂದರು ಅವರು. ನಗಲಿಲ್ಲ.

ಒಂದು ದಿನ ಹೋದೆ. ಅನ್ನ ಬಿಸಿಯಾಗಿತ್ತು, ಅಂದಿನದೇ. ಸಾರಿನಲ್ಲಿ ಬೇಳೆ ಕಾಣುತ್ತಿತ್ತು. ಪಲ್ಯಕ್ಕೆ ಉಪ್ಪು ಹೆಚ್ಚು. ರೂಮು ಅದೇ, ಸಿಲಿಂಡರು ಅದೇ, ಜನರೇಟರು ಅದೇ. ಹಿಂದಿನ ಗೇಟಿಗೆ ಬೀಗ ಇರಲಿಲ್ಲ, ಸರಪಳಿ ಮಾತ್ರ ಇತ್ತು. ಸುತ್ತ ಕೂತವರಲ್ಲಿ ಅರ್ಧಕ್ಕರ್ಧ ಜನ ಪಲ್ಯದ ಕಡೆ ನೋಡದೆ ಪರೋಟಕ್ಕೇ ಕೈ ಚಾಚುತ್ತಿದ್ದರು. ಅವರ ತಟ್ಟೆಗಳನ್ನು ಕಿತ್ತುಕೊಳ್ಳಬೇಕು ಅನಿಸಿತು. ಇಷ್ಟು ಜಗಳ ಯಾರಿಗಾಗಿ ಆಡಿದೆ? ಆಮೇಲೆ ನನ್ನ ಮೇಲೆಯೇ ಸಿಡುಕಿಕೊಂಡೆ. ಎರಡು ಪಾತ್ರೆ ಎದುರಿಗೆ ಇಟ್ಟ ಮೇಲೆ ಯಾವುದಕ್ಕೆ ಕೈ ಹಾಕುತ್ತಾರೋ ಅದು ಅವರದು. ಒಂದೇ ಪಾತ್ರೆ ಇದ್ದಾಗ ಬಂದ ಸಿಟ್ಟನ್ನು ಈಗ ಅವರ ಮೇಲೆ ತೀರಿಸಲಾಗದು.

ಮಾಲೀಕರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ನನ್ನನ್ನು ನೋಡಿದರು. ಏನಾದರೂ ಒಳ್ಳೆಯ ಮಾತು ಹೇಳುತ್ತಾನೆ ಅಂದುಕೊಂಡಿದ್ದರೇನೋ. "ಪಲ್ಯಕ್ಕೆ ಉಪ್ಪು ಜಾಸ್ತಿ," ಅಂದೆ. ಅವರು ಮುಖ ಕೆಂಪಗೆ ಮಾಡಿಕೊಂಡು ಹೋದರು. ನಾನು ಈಗ ಅಪರೂಪಕ್ಕೆ ಅಲ್ಲಿ ನಿಲ್ಲಿಸುತ್ತೇನೆ. ಹೆಚ್ಚಾಗಿ ಡಬ್ಬಿ. ದಕ್ಷಿಣದ ಕಡೆ ಹೋದರೆ ಗೋಣಿಕೊಪ್ಪಲಿನಲ್ಲಿ ಒಂದು ಸಣ್ಣ ಮೆಸ್ಸು, ಅಲ್ಲಿ ಎಲ್ಲರಿಗೂ ಒಂದೇ ಬೆಂಚು. ಬಿಪಿ ಇಳಿದಿದೆ ಅಂತ ಡಾಕ್ಟರು ಬೆನ್ನು ತಟ್ಟಿದರು. ಮಾತ್ರೆ ನಿಂತಿಲ್ಲ.

ಗುರುವಾರ ಬಾಡಿಗೆ ಇಲ್ಲದಿದ್ದರೆ ಅಣ್ಣನ ಮನೆಗೆ ಹೋಗುತ್ತೇನೆ. ಕಾಫಿ ತೋಟದ ಅಂಚಿನಲ್ಲಿ ಸಣ್ಣ ಮನೆ. ಅತ್ತಿಗೆ ಉಪ್ಪು ಕಡಿಮೆ ಹಾಕಿ, ಎಣ್ಣೆ ಕಡಿಮೆ ಹಾಕಿ ಅವರಿಗೆ ಬೇರೆಯೇ ಬೇಯಿಸುತ್ತಾರೆ. ಮಾತು ಬಹುಮಟ್ಟಿಗೆ ಮರಳಿದೆ. ಸಿಟ್ಟು ಮಾತಿಗಿಂತ ಮೊದಲೇ ಮರಳಿತ್ತು. ಕಳೆದ ಸಲ ಹೋದಾಗ ಅತ್ತಿಗೆ ಒಳಗೆ ಹೋಗುವುದನ್ನೇ ಕಾದು ನನ್ನ ಅಂಗಿ ಹಿಡಿದು ಎಳೆದರು.

"ಒಂದು ಪರೋಟ ತಾ. ಆ ಗ್ರೇವಿ ತಾ ಒಂಚೂರು."

"ಆಗಲ್ಲ ಅಣ್ಣ."

"ನಾ ಸಾಯುಕೆ ಮೊದ್ಲು ಒಂದು ಸಲ. ಎಂತ ಆದೆ ಒಂದು ಪರೋಟಲಿ?"

"ತರಲ್ಲ."

"ನೀ ಯಾರು ನಂಗೆ ಹೇಳುಕೆ? ನಾ ಕ್ಲಚ್ಚು ಹಿಡಿಯುಕೆ ಕಲ್ಸಿದವ ನೀ!" ಎಡಗೈಯಿಂದ ತಟ್ಟೆ ತಳ್ಳಿದರು. ಅನ್ನ, ಬಸಳೆ ಸೊಪ್ಪಿನ ಹುಳಿ ಎಲ್ಲ ನೆಲಕ್ಕೆ ಚೆಲ್ಲಿತು. ಅತ್ತಿಗೆ ಓಡಿ ಬಂದು ನೋಡಿ ಬಟ್ಟೆ ತಂದರು. ನಾನೇ ಬಟ್ಟೆ ಇಸಿದುಕೊಂಡು ನೆಲ ಒರೆಸಿದೆ. ಇನ್ನೊಂದು ತಟ್ಟೆ ಹಾಕಿಸಿದೆ, ನನಗೂ ಅದೇ ಹಾಕಿಸಿಕೊಂಡೆ. ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ಅವರಿಗೆ ಬೇಕಾದದ್ದನ್ನು ಈಗ ತಡೆಯುತ್ತಿದ್ದವನು ಹೋಟೆಲಿನ ಮಾಲೀಕನಲ್ಲ, ನಾನು. ಅದಕ್ಕೇನು ಮಾಡಲಿ? ಅವರ ಪಕ್ಕ ಕೂತು ಆ ಸಪ್ಪೆ ಹುಳಿಯನ್ನು ಕೊನೆಯ ತುತ್ತಿನವರೆಗೂ ಉಂಡೆ. ಅವರೂ ಉಂಡರು, ನನ್ನ ಕಡೆ ನೋಡದೆ.

ಹೊರಡಲು ಎದ್ದಾಗ, "ಇನ್ನು ಬರುದು ಬೇಡ ನೀ," ಅಂದರು.

ಗುರುವಾರ ಬರ್ತೀನಿ ಅಂದೆ. ಏನೂ ತರಲ್ಲ ಅಂತಲೂ ಹೇಳಿದೆ.